ಅವನನ್ನು ಬಿಟ್ಟರು, ನನಗೆ ಮಾತ್ರ ದಂಡ ಯಾಕೆ?

ಪ್ರಶ್ನೆ: ನಾನು ರಿಪ್ಪನ್‌ಪೇಟೆ ಕಡೆಯ ಅಡಿಕೆ ಬೆಳೆಗಾರ. ಹೆಲ್ಮೆಟ್ ಇಲ್ಲದೆ ಪೇಟೆಗೆ ಬಂದಿದ್ದೆ. ಪೊಲೀಸರು ಕೈ ಅಡ್ಡ ಹಾಕಿ, ಬೈಕಿನ ಕೀ ಕಿತ್ತುಕೊಂಡು, 500 ರೂಪಾಯಿ ದಂಡದ ನೋಟಿಸ್ ಕೊಟ್ಟರು. ಹಿಂದೆಯೇ ಬಂದ ಹುಡುಗನಿಗೂ ಹೆಲ್ಮೆಟ್ ಇರಲಿಲ್ಲ. ಯಾರಿಗೋ ಫೋನ್ ಮಾಡಿ ಕೊಟ್ಟ, ಬಿಟ್ಟುಬಿಟ್ಟರು. ಇದು ನ್ಯಾಯವಾ? ನಾನು ದಂಡ ಕಟ್ಟಲೇಬೇಕಾ?

ಉತ್ತರ: ನ್ಯಾಯ ಅಲ್ಲ. ಆದರೂ ದಂಡ ಕಟ್ಟಲೇಬೇಕು.

ಸಂವಿಧಾನದ 14ನೇ ವಿಧಿ ಎಲ್ಲರೂ ಸಮಾನರು ಎನ್ನುತ್ತದೆ, ನಿಜ. ಆದರೆ ಒಬ್ಬ ತಪ್ಪಿಸಿಕೊಂಡ ಅಂತ ಇನ್ನೊಬ್ಬನನ್ನೂ ಬಿಡಿ ಎಂದು ಕೇಳಲು ಅದನ್ನು ಬಳಸುವಂತಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಎಷ್ಟೋ ಸಲ ಹೇಳಿದೆ.

ಬಿಡುವ ಅಧಿಕಾರವೇ ಇರಬಾರದು ಅಂತಲೂ ಅಲ್ಲ. ಹೆಂಡತಿಗೆ ಹುಷಾರಿಲ್ಲ ಅಂತ ಮೆಗ್ಗಾನ್ ಆಸ್ಪತ್ರೆಗೆ ಓಡುತ್ತಿರುವವರನ್ನು ನಿಲ್ಲಿಸಿ ರಸೀದಿ ಹರಿಯುವುದು ಯಾರಿಗೆ ಬೇಕು? ಅಲ್ಲಿ ಎಚ್ಚರಿಸಿ ಕಳಿಸುವುದೇ ಸರಿ. ನಿಮ್ಮ ಹಿಂದೆ ಬಂದವನ ವಿಷಯ ಬೇರೆ. ಅವನನ್ನು ಬಿಡಿಸಿದ್ದು ಫೋನು. ಆದರೆ ಆ ಕಡೆ ಯಾರಿದ್ದರು ಅಂತ ನೀವು ಸಾಬೀತು ಮಾಡೋದು ಕಷ್ಟ. ಸುಮ್ನೆ ಅಲ್ಲಿ ಜಗಳ ತೆಗೆಯಬೇಡಿ.

ನಿಮ್ಮ ವಾದಕ್ಕೆ ಬಲ ಇರುವುದು ಕೀ ವಿಷಯದಲ್ಲಿ. ಯಾರನ್ನು ಬಿಡಬೇಕು ಅನ್ನುವುದರಲ್ಲಿ ಪೊಲೀಸರ ವಿವೇಚನೆಗೆ ಜಾಗ ಇದೆ. ಹಿಡಿದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಅವರ ಇಷ್ಟ ಅಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಕೀ ಕಿತ್ತುಕೊಳ್ಳಿ ಎನ್ನುವ ಸೆಕ್ಷನ್ನೇ ಇಲ್ಲ. 207ನೇ ಸೆಕ್ಷನ್‌ನಲ್ಲಿ ಗಾಡಿ ಹಿಡಿದಿಡಬಹುದು. ಆದರೆ ಅದು ನೋಂದಣಿ, ಲೈಸೆನ್ಸ್, ಪರ್ಮಿಟ್ ಇಲ್ಲದಂಥ ಕೇಸಿಗೆ. ಹೆಲ್ಮೆಟ್ ಅದರಲ್ಲಿ ಬರುವುದಿಲ್ಲ. ಲೈಸೆನ್ಸ್ ಇಟ್ಟುಕೊಂಡರೆ 206ನೇ ಸೆಕ್ಷನ್ ಪ್ರಕಾರ ಸ್ವೀಕೃತಿ ಚೀಟಿ ಕೊಡಲೇಬೇಕು. ದಾಖಲೆಗಳನ್ನು ಮೊಬೈಲಿನಲ್ಲಿ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಮಳೆಗಾಲದಲ್ಲಿ ಆರ್‌ಸಿ ಒದ್ದೆ ಮಾಡಿಕೊಳ್ಳುವ ನಮ್ಮ ಮಲೆನಾಡಿನವರಿಗೆ ಇದು ದೊಡ್ಡ ಅನುಕೂಲ.

ಹಾಗಾಗಿ ಕೀ ಬಗ್ಗೆ ಜಿಲ್ಲಾ ಎಸ್‌ಪಿಗೆ ಒಂದು ಅರ್ಜಿ ಬರೆಯಿರಿ. ದಿನಾಂಕ, ಹೊತ್ತು, ಜಾಗ, ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿದ್ದ ಹೆಸರು, ಇಷ್ಟು ಸಾಕು. ನೋಟಿಸಿನ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹುಡುಗನ ಕಥೆ ಬೇಕಿದ್ದರೆ ಕೊನೆಗೆ ಒಂದು ಸಾಲು ಬರೆಯಿರಿ, ಜಾಸ್ತಿ ಬೇಡ.

ದಂಡ ಕಟ್ಟುವ ಮುಂಚೆ ನೋಟಿಸಿನಲ್ಲಿ ಗಾಡಿ ನಂಬರ್, ಸೆಕ್ಷನ್ ಸರಿ ಇದೆಯಾ ನೋಡಿ. ತಪ್ಪಿದ್ದರೆ ಕೋರ್ಟಿನಲ್ಲಿ ಹೇಳಬಹುದು. ಸರಿಯಿದ್ದರೆ ಕಟ್ಟಿ, ರಸೀದಿ ಎತ್ತಿಡಿ.