ಸಂಪಾದಕರ ಉತ್ತರ: ಅಕ್ಷರ ಕಾಯಿತೇ, ಅಕ್ಷರವನ್ನು ಕಾದರೇ?

ಮೇಷ್ಟ್ರೇ, ನಮಸ್ಕಾರ.

ನಮ್ಮ ಪತ್ರಿಕೆಯಲ್ಲಿ ಬಂದ ಆರ್ಮೇನಿಯಾ ಕುರಿತ ಲೇಖನ ಓದಿ ತಾವು ಬರೆದ ಕಾಗದ ತಲುಪಿತು. ‘ಲಿಪಿಯೇ ಒಂದು ಜನಾಂಗವನ್ನು ಉಳಿಸಿತು ಅಂತ ಬರೆದಿದ್ದೀರಲ್ಲ, 1915ರಲ್ಲಿ ಅದು ಯಾರನ್ನು ಉಳಿಸಿತು?’ ಎಂಬುದು ತಮ್ಮ ಮೊದಲ ಪ್ರಶ್ನೆ. ಆರ್ಮೇನಿಯನ್ ಲಿಪಿಯ ಅಕ್ಷರಗಳು ಒಂದು ಕಡೆ 36, ಇನ್ನೊಂದು ಕಡೆ 38 ಎಂದು ಅಚ್ಚಾಗಿದೆ, ಯಾವುದು ಸರಿ ಎಂಬುದು ಎರಡನೆಯದು.

ಮೊದಲನೆಯದರಲ್ಲಿ ನಾನು ಸೋತೆ. ಆ ವಾಕ್ಯ ಲೇಖಕರದ್ದಲ್ಲ, ಅದಕ್ಕೊಂದು ಒಗ್ಗರಣೆ ಇರಲಿ ಎಂದು ನಾನೇ ಸೇರಿಸಿದ್ದು. 1915ರಲ್ಲಿ ಒಟ್ಟೋಮನ್ ತುರ್ಕಿ ಸರ್ಕಾರ ತನ್ನ ಆರ್ಮೇನಿಯನ್ ಪ್ರಜೆಗಳ ಹತ್ಯಾಕಾಂಡಕ್ಕಿಳಿಯಿತು. ಏಪ್ರಿಲ್ 24ರ ರಾತ್ರಿ ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಿಡಿದೊಯ್ದದ್ದೇ ಅಕ್ಷರಸ್ಥರನ್ನು: ಕವಿಗಳು, ಪತ್ರಕರ್ತರು, ಪಾದ್ರಿಗಳು, ತಮ್ಮಂಥ ಮೇಷ್ಟ್ರುಗಳು. ಹೆಚ್ಚಿನವರು ಮರಳಲಿಲ್ಲ.

ಹಾಗಾಗಿ ಆ ಮಾತನ್ನು ತಿರುವಿ ಹಾಕಬೇಕು. ಆ ಜನ ಅಕ್ಷರವನ್ನು ಕಾದರು. ಈಗ ಟರ್ಕಿಯಲ್ಲಿರುವ ಮುಶ್ ಪ್ರಾಂತ್ಯದ ಮಠದಲ್ಲಿ ಚರ್ಮದ ಹಾಳೆಗಳ ಒಂದು ಧರ್ಮಗ್ರಂಥವಿತ್ತು. 1200ರ ಸುಮಾರಿಗೆ ಬರೆದದ್ದು, ತೂಕ ಹತ್ತಿರ ಹತ್ತಿರ 28 ಕಿಲೋ. ಬರೆದ ಕೆಲವೇ ವರ್ಷಗಳಲ್ಲಿ ಅದು ಪರರ ವಶವಾದಾಗ ಸುತ್ತಲಿನ ಜನ ಹಣ ಕೂಡಿಸಿ, ಸೆರೆಯಾಳನ್ನು ಬಿಡಿಸಿ ತರುವಂತೆ ಬಿಡಿಸಿಕೊಂಡು ಬಂದರು. 1915ರಲ್ಲಿ ಹತ್ಯಾಕಾಂಡದಿಂದ ಓಡುತ್ತಿದ್ದ ಇಬ್ಬರು ಹೆಂಗಸರ ಕೈಗೆ ಅದು ಸಿಕ್ಕಿತಂತೆ. ಒಬ್ಬರಿಗೆ ಹೊರಲಾಗದ ಭಾರ. ಎರಡು ಪಾಲು ಮಾಡಿ ಹೊತ್ತರು. ಒಬ್ಬಳು ತನ್ನ ಪಾಲನ್ನು ಆರ್ಮೇನಿಯನ್ ಚರ್ಚಿನ ಕೇಂದ್ರವಾದ ಎಚ್ಮಿಯಾಜಿನ್‌ಗೆ ಮುಟ್ಟಿಸಿದಳು. ಇನ್ನೊಬ್ಬಳು ಅಷ್ಟು ದೂರ ಬರಲಿಲ್ಲ. ಎರ್ಜುರುಮ್‌ನಲ್ಲಿ ಹೂತಿಟ್ಟಿದ್ದ ಅವಳ ಪಾಲು ಆಮೇಲೆ ಸಿಕ್ಕಿತು. ಈಗ ಎರಡೂ ಪಾಲುಗಳು ಯೆರೆವಾನ್‌ನ ಮತೆನದರಾನ್ ಹಸ್ತಪ್ರತಿ ಭಂಡಾರದಲ್ಲಿವೆ. ಆ ಹೆಂಗಸರು ಅಕ್ಷರ ಬಲ್ಲವರಾಗಿದ್ದರೇ ಎಂದು ಯಾರೂ ಬರೆದಿಟ್ಟದ್ದನ್ನು ನಾನು ಕಂಡಿಲ್ಲ.

ನಮ್ಮ ಓಲೆಗರಿಗಳ ಕೊನೆಯಲ್ಲಿ ‘ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ’ ಎಂದು ಲಿಪಿಕಾರ ಕೈತಪ್ಪಿಗೆ ಕ್ಷಮೆ ಕೇಳುತ್ತಾನಲ್ಲ, ಆರ್ಮೇನಿಯನ್ ಲಿಪಿಕಾರರೂ ಹಾಗೇ. ಆದರೆ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಆ ವರ್ಷದ ದಂಡಯಾತ್ರೆ, ಬರ, ಸತ್ತವರ ಹೆಸರು ಎಲ್ಲವನ್ನೂ ಬರೆದಿಡುತ್ತಾರೆ. ಅದಕ್ಕೆ ‘ಹಿಶಾತಕರಾನ್’ ಎನ್ನುತ್ತಾರೆ, ನೆನಪಿನ ತಾಣ ಎಂದರ್ಥ. ಆ ಕಾಲದ ಚರಿತ್ರೆ ಬರೆಯುವವರು ಇವತ್ತಿಗೂ ಕೈಚಾಚುವುದು ಆ ಕೊನೆಯ ಪುಟಗಳಿಗೆ.

ತಮ್ಮ ಪ್ರಶ್ನೆಗೆ ಇನ್ನೂ ಕಹಿಯಾದ ಪುರಾವೆ ಇದೆ. ಪುಸ್ತಕ ಉಳಿಯಿತು, ಆಡುಮಾತು ಸೊರಗಿತು. ಅನತೋಲಿಯಾದಿಂದ, ಅಂದರೆ ಈಗಿನ ಟರ್ಕಿಯ ನೆಲದಿಂದ, ಚದುರಿದವರ ಪಶ್ಚಿಮ ಆರ್ಮೇನಿಯನ್ ಎಂಬ ಮಾತು ಬೈರೂತ್, ಪ್ಯಾರಿಸ್, ಲಾಸ್ ಏಂಜಲೀಸ್‌ಗಳ ಮನೆಗಳಲ್ಲಿ ಉಸಿರು ಹಿಡಿದುಕೊಂಡಿದೆ. ಯುನೆಸ್ಕೊ ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಆರ್ಮೇನಿಯಾ ದೇಶದ್ದು ಪೂರ್ವದ ರೂಪ. ಅಕ್ಷರ ಒಂದೇ, ಬಾಯಿ ಬೇರೆ: ಯೆರೆವಾನ್‌ನ ಪೆತ್ರೋಸ್ ಬೈರೂತ್‌ನಲ್ಲಿ ಬೆದ್ರೋಸ್. ಮೇಲಾಗಿ 1922ರಲ್ಲಿ ಸೋವಿಯತ್ ಸರ್ಕಾರ ಕಾಗುಣಿತ ಬದಲಿಸಿತು, ಹೊರಗಿದ್ದವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ನಾವು ಱ, ೞಗಳನ್ನು ಬಿಟ್ಟಾಗ ಇಷ್ಟು ಜಗಳವಾಗಲಿಲ್ಲ. ನಮ್ಮದು ತಾನಾಗಿ ಸವೆದದ್ದು, ಅವರದು ಮೇಲಿನಿಂದ ಬಂದ ಆಜ್ಞೆ.

ಲೇಖನದಲ್ಲಿ ಬಿಟ್ಟುಹೋದದ್ದೊಂದು: ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಹೊರಟದ್ದು ನಮ್ಮ ಪಕ್ಕದ ಮದರಾಸಿನಲ್ಲಿ, 1794ರಲ್ಲಿ. ನಡೆಸಿದವರು ಹರುತ್ಯುನ್ ಶ್ಮಾವೋನ್ಯಾನ್ ಎಂಬ ಪಾದ್ರಿ. ಹೆಚ್ಚು ಕಾಲ ಬಾಳಲಿಲ್ಲ. ಪತ್ರಿಕೆ ನಡೆಸುವವನಾಗಿ ಆ ಸಂಕಟ ನನಗೆ ಅರ್ಥವಾಗುತ್ತದೆ. ಅವರ ಸಮಾಧಿ ಅಲ್ಲಿನ ಆರ್ಮೇನಿಯನ್ ಬೀದಿಯ ಇಗರ್ಜಿಯ ಅಂಗಳದಲ್ಲಿದೆ. ತಾವು ಚೆನ್ನೈಗೆ ಮಗಳ ಮನೆಗೆ ಹೋದಾಗ ನೋಡಿ ಬನ್ನಿ.

ಇನ್ನು ಲೆಕ್ಕ. ಎರಡೂ ಸರಿ. ಮೆಸ್ರೋಪ್ ಮಾಷ್ತೋತ್ಸ್ 405ರ ಸುಮಾರಿಗೆ ರೂಪಿಸಿದ್ದು 36 ಅಕ್ಷರ. ಮಧ್ಯಯುಗದಲ್ಲಿ ಇನ್ನೆರಡು ಸೇರಿದವು, ಅದರಲ್ಲೊಂದು ಫ಼ಕಾರ. ಅದು ಬಹುಪಾಲು ಪರಭಾಷೆಯ ಪದಗಳಿಗೇ ಬೇಕಾದದ್ದು. ನಾವು ಇದೇ ಕೆಲಸಕ್ಕೆ ಫಕ್ಕೆ ಅಡಿಯಲ್ಲಿ ಎರಡು ಚುಕ್ಕಿ ಇಟ್ಟು ಮುಗಿಸಿದೆವು. ಆ ಚುಕ್ಕಿಗಳು ನಮ್ಮ ಪುಟಗಳಲ್ಲಿ ಆಗಾಗ ಉದುರಿಹೋಗುತ್ತವೆ. ಅದರ ಬಗ್ಗೆ ತಮ್ಮ ಇನ್ನೊಂದು ಕಾಗದ ಬಂದೀತೆಂದು ಕಾದಿದ್ದೇನೆ.

— ಸಂ.