ಹಳೇ ಬೈಕ್ ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು ಅಂತಾರಲ್ಲ, ಯಾಕೆ?

ತಣ್ಣಗಿರುವ ಇಂಜಿನ್ ತನ್ನ ರೋಗವನ್ನು ಮುಚ್ಚಿಡಲಾರದು, ಅದಕ್ಕೆ.

ರಾತ್ರಿಯಿಡೀ ನಿಂತ ಬೈಕಿನಲ್ಲಿ ಆಯಿಲ್ ಕೆಳಗಿಳಿದು ದಪ್ಪಗಾಗಿರುತ್ತದೆ, ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಬ್ಯಾಟರಿಗೂ ಹೆಚ್ಚು ಕೆಲಸ. ಎಲ್ಲ ಭಾಗಗಳಿಗೂ ಒಟ್ಟಿಗೇ ಪರೀಕ್ಷೆ. ಅಲ್ಯೂಮಿನಿಯಂ ಪಿಸ್ಟನ್ (ಸಿಲಿಂಡರ್ ಎಂಬ ಕೊಳವೆಯೊಳಗೆ ಹಿಂದೆ ಮುಂದೆ ಓಡುವ ಭಾಗ) ಬಿಸಿಯಾದಾಗ ಹಿಗ್ಗಿ ಸಿಲಿಂಡರಿಗೆ ಬಿಗಿಯಾಗಿ ಕೂರುತ್ತದೆ. ತಣ್ಣಗಿರುವಾಗ ಸಂದು ಹೆಚ್ಚು. ಹಾಗಾಗಿ ಸವೆದಿದ್ದರೆ ಟಕಟಕ ಶಬ್ದ ಆಗಲೇ ಚೆನ್ನಾಗಿ ಕೇಳುತ್ತದೆ, ಬಿಸಿಯಾದ ಮೇಲೆ ಅಡಗಿಹೋಗಬಹುದು.

ಹೊಗೆಯನ್ನೂ ನೋಡಿ. ವಾಲ್ವ್ ಸೀಲ್ (ಆಯಿಲ್ ಒಳಗಿಳಿಯದಂತೆ ತಡೆಯುವ ಪುಟ್ಟ ರಬ್ಬರ್) ಹಾಳಾಗಿದ್ದರೆ ರಾತ್ರಿ ಜಿನುಗಿದ ಆಯಿಲ್ ಮೊದಲ ಸ್ಟಾರ್ಟಿಗೆ ನೀಲಿ ಹೊಗೆಯಾಗಿ ಬರುತ್ತದೆ. ಬೇಗ ಮಾಯವಾಗುವ ತೆಳು ಬಿಳಿ ಹೊಗೆ ಬರೀ ನೀರಾವಿ, ಹೆದರಬೇಡಿ.

ಆದ್ದರಿಂದ 'ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ' ಅಂತ ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ. ಹೋದ ಕೂಡಲೇ ಇಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬಿಸಿ ತಾಗಿದರೆ ಮೋಸವೇ ಎಂದೇನಿಲ್ಲ, ಬೆಳಿಗ್ಗೆ ಕೆಲಸಕ್ಕೆ ಓಡಿಸಿರಬಹುದು; ಆದರೆ ನಾನಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನುತ್ತೇನೆ.

ಇದರ ಉಲ್ಟಾ ಕೂಡ ಉಂಟು: ಕೆಲವು ದೋಷ ಬಿಸಿಯಾದಾಗಲೇ ಕಾಣುವುದು. ಹದಿನೈದು ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ದಾಖಲೆಯಲ್ಲಿರುವ ಇಂಜಿನ್, ಚಾಸಿಸ್ ನಂಬರುಗಳನ್ನು ಮಾತ್ರ ಇದೆಲ್ಲಕ್ಕೂ ಮೊದಲೇ ತಾಳೆ ನೋಡಿಕೊಳ್ಳಿ.