ನಿಮ್ಮ ಕಥೆ ಶುರುವಾಗುವುದು ಮೂರನೇ ಪುಟದಲ್ಲಿ

ನಮಸ್ಕಾರ.

ನಿಮ್ಮ 'ಡಬ್ಬದ ಲೆಕ್ಕ' ಕಥೆಯನ್ನೂ ಜೊತೆಗಿದ್ದ ಪತ್ರವನ್ನೂ ಓದಿದೆ. ಕಥೆಯನ್ನು ಎರಡು ಸಲ. ಮೂರು ವರ್ಷದಿಂದ ದೀಪಾವಳಿ ಕಥಾಸ್ಪರ್ಧೆಗೆ ಕಳಿಸುತ್ತಿದ್ದೀರಿ. ಮೆಚ್ಚುಗೆ ಪಡೆದ ಕಥೆಗಳ ಪಟ್ಟಿಯಲ್ಲೂ ಒಮ್ಮೆಯೂ ಹೆಸರು ಬಂದಿಲ್ಲ. ಈ ಸಲ ಫಲಿತಾಂಶ ನೋಡಿದ ಮೇಲೆ ಒಂದು ತಿಂಗಳು ಪೆನ್ನು ಮುಟ್ಟಿಲ್ಲ ಅಂದಿದ್ದೀರಿ. "ನನಗೆ ಬರೆಯೋಕೆ ಬರುತ್ತಾ, ಇಲ್ವಾ? ನೇರವಾಗಿ ಹೇಳಿಬಿಡಿ" ಎಂದು ಕೇಳಿದ್ದೀರಿ.

ಬರುತ್ತದೆ. ಆದರೆ ಈ ಕಥೆಯನ್ನು ಈಗಿರುವ ಹಾಗೆ ನಾನು ಪ್ರಕಟಿಸಲಾರೆ.

ಹಿಂದೆ ಒಂದು ಸ್ಪರ್ಧೆಯಲ್ಲಿ ಮೊದಲ ಸುತ್ತಿನ ಓದು ನನ್ನ ಪಾಲಿಗೆ ಬಂದಿತ್ತು. ಬಂದ ಕಥೆಗಳೆಲ್ಲ ತೀರ್ಪುಗಾರರ ಕೈಗೆ ಹೋಗಲಿಲ್ಲ. ನಮ್ಮಂಥವರು ಓದಿ ಆರಿಸಿದ ಒಂದಷ್ಟು ಮಾತ್ರ ಹೋದವು. ದಿನಕ್ಕೆ 30 ಕಥೆ ಓದಿದ್ದೂ ಉಂಟು. ಸಂಜೆ ಹೊತ್ತಿಗೆ ಕಣ್ಣು ಸೋತಿರುತ್ತಿತ್ತು. ಮೊದಲೆರಡು ಪುಟದಲ್ಲಿ ಹಿಡಿದು ಕೂರಿಸದ ಕಥೆಯನ್ನು ಪಕ್ಕಕ್ಕಿಟ್ಟಿದ್ದೇನೆ. ಅವುಗಳಲ್ಲಿ ಒಳ್ಳೆಯವೂ ಇದ್ದಿರಬಹುದು ಎಂಬ ಸಂಕಟ ನನಗೆ ಈಗಲೂ ಇದೆ. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ನಿಮ್ಮ ಬರವಣಿಗೆಯ ಮೇಲಿನ ತೀರ್ಪು ಅಂದುಕೊಳ್ಳಬೇಡಿ. ಯಾಕೆ ಬರಲಿಲ್ಲ ಎಂದು ಆ ಪಟ್ಟಿ ಹೇಳುವುದೇ ಇಲ್ಲ. ಜಾಸ್ತಿ ನೋಯಿಸುವುದೂ ಅದೇ, ಅಲ್ವಾ?

ಈಗ ಕಥೆ. ಮೊದಲೆರಡು ಪುಟ ಪೂರ್ತಿ ಮಲೆನಾಡಿನ ಮಂಜು, ತೋಟ, ಹಕ್ಕಿ. ಅಂಥ ಬೆಳಗನ್ನು ಎಷ್ಟೋ ಕಥೆಗಳಲ್ಲಿ ಓದಿದ್ದೇನೆ. ಮೂರನೇ ಪುಟದಲ್ಲಿ ಗಂಗಮ್ಮ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಾಳೆ. ಸುಲಿದದ್ದು ಎಷ್ಟು ಡಬ್ಬವೋ ಅಷ್ಟಕ್ಕೆ ಕೂಲಿ. ಯಜಮಾನರು ಡಬ್ಬವನ್ನು ನೆಲಕ್ಕೆ ಕುಟ್ಟಿ ಕುಟ್ಟಿ, ಮೇಲೆ ಗೋಪುರ ಏಳುವಷ್ಟು ತುಂಬಿಸಿಕೊಂಡು, ಆಮೇಲೆ 'ಒಂದು' ಎಂದು ಎಣಿಸುತ್ತಾರೆ. ಅವಳು ಮಾತಾಡುವುದಿಲ್ಲ. ಮಾರನೇ ದಿನ ಮನೆಯಿಂದ ತನ್ನದೇ ಒಂದು ಡಬ್ಬ ತರುತ್ತಾಳೆ. ಇಲ್ಲಿಗೆ ಬಂದಾಗ ನಾನು ನಿಂತೆ, ಆ ಪ್ಯಾರಾವನ್ನು ಮತ್ತೆ ಓದಿದೆ. ಆ ಕೆಲಸದ ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಇದು ಬರೆಯಲು ಬರುತ್ತದೆ.

ಕೊನೆಯ ಪುಟದಲ್ಲಿ ಗಂಗಮ್ಮನ ಮಗಳು ಊರವರ ಮುಂದೆ ನಿಂತು ಶೋಷಣೆಯ ಬಗ್ಗೆ ಭಾಷಣ ಮಾಡುತ್ತಾಳೆ. ಅಲ್ಲಿಯವರೆಗೆ ಆ ಹುಡುಗಿ ಕಥೆಯಲ್ಲಿ ಒಂದು ಮಾತೂ ಆಡಿಲ್ಲ. ಅದು ತೀರ್ಪುಗಾರರಿಗಾಗಿ ಬರೆದ ಪುಟ. ಹಿಂದಿನ ವರ್ಷ ಬಹುಮಾನ ಬಂದ ಕಥೆಗಳನ್ನು ಓದಿ, ಅದೇ ದಾರಿಯಲ್ಲಿ ಬರೆದೆ ಎಂದು ನೀವೇ ಪತ್ರದಲ್ಲಿ ಹೇಳಿದ್ದೀರಿ. ಓದಿ, ಖಂಡಿತ ಓದಿ. ಹಾಗೆಯೇ ಬರೆಯಲು ಹೋಗಬೇಡಿ.

ನನಗೆ ನಿಜಕ್ಕೂ ಚಿಂತೆಯಾದದ್ದು ಬೇರೆ. ಮೂರು ವರ್ಷಕ್ಕೆ ಮೂರೇ ಕಥೆ. ಮೂರೂ ಕೊನೆಯ ದಿನಾಂಕದ ಹಿಂದಿನ ವಾರ ಬರೆದವು. ವರ್ಷದ ಆಸೆಯನ್ನೆಲ್ಲ ಒಂದೇ ಕಥೆಯ ತಲೆ ಮೇಲೆ ಹೊರಿಸಿದರೆ, ಅದಕ್ಕೆ ಬಹುಮಾನ ಬರದಿದ್ದಾಗ ನೀವೇ ಕುಸಿಯುತ್ತೀರಿ. 38 ಆಯ್ತು, ತಡ ಆಯ್ತೇನೋ ಅಂದಿದ್ದೀರಲ್ಲ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಸಂಕಲನದಲ್ಲಿರುವುದು 12 ಕಥೆ. 1990ರಿಂದ 2023ರವರೆಗೆ ಬರೆದವು ಅವು. ಮುಂದಿನ ಕಥೆಯನ್ನು ಈ ವಾರವೇ ಶುರು ಮಾಡಿ. ಇನ್ನೊಂದು ಕಥೆ ಕೈಯಲ್ಲಿದ್ದರೆ ಫಲಿತಾಂಶದ ದಿನ ಸ್ವಲ್ಪ ಹಗುರಾಗುತ್ತದೆ. ಇದು ನಾನು ಕಂಡ ಮಾತು.

ಇನ್ನೊಂದು ವಿಷಯ. ಬೇಜಾರಲ್ಲಿ ಈ ಕಥೆಯನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. 'ಎಲ್ಲೂ ಪ್ರಕಟವಾಗಿರಬಾರದು' ಎಂಬ ನಿಯಮ ಇರುವ ಕಡೆ ಅದನ್ನೂ ಪ್ರಕಟಣೆ ಎಂದೇ ಲೆಕ್ಕ ಹಿಡಿಯಬಹುದು. ಆಮೇಲೆ ಯುಗಾದಿ ಸ್ಪರ್ಧೆಗೂ ಕಳಿಸಲಾಗುವುದಿಲ್ಲ.

ಮೂರನೇ ಪುಟದಿಂದ ಶುರು ಮಾಡಿ, ಭಾಷಣ ತೆಗೆದು, ನನಗೇ ಇನ್ನೊಮ್ಮೆ ಕಳಿಸಿ. ಗಂಗಮ್ಮ ತಂದ ಡಬ್ಬ ನೋಡಿ ಯಜಮಾನರು ಏನು ಮಾಡಿದರು ಎಂದು ನೀವು ಬರೆದೇ ಇಲ್ಲ. ನನಗೆ ಅದು ಗೊತ್ತಾಗಬೇಕು.